ನೀಲವ್ವನ ಮನೆಗೆ ಹನ್ನೆರಡು ಪದ

ನಾನು ಪುರಸಭೆಯಲ್ಲಿ ಟೈಪಿಸ್ಟ್. ಹದಿನಾಲ್ಕು ವರ್ಷದಿಂದ ಅದೇ ನಲವತ್ತು ಕಾಗದಗಳನ್ನು ವಾರಕ್ಕೊಮ್ಮೆ ಹೊಸದಾಗಿ ಟೈಪ್ ಮಾಡುತ್ತಿದ್ದೇನೆ. ನಮ್ಮೂರಲ್ಲಿ ಬರೆದದ್ದು ಎಂಟನೆಯ ದಿನ ಬೆಳಿಗ್ಗೆ ಇರುವುದಿಲ್ಲ. ಕಾಗದ ಇರುತ್ತದೆ, ಅಕ್ಷರ ಇರುವುದಿಲ್ಲ. ಹೊರಗಿನಿಂದ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅಂಗಡಿ ಬೋರ್ಡು ಬರೆಯುವ ಖಾದರ್‌ಸಾಬರು ವಾರವಿಡೀ ಏಣಿ ಹೊತ್ತು ತಿರುಗುತ್ತಾರೆ. ಊರಲ್ಲಿ ಮೊದಲು ಮಹಡಿ ಮನೆ ಕಟ್ಟಿಸಿದವರು ಅವರೇ. ಮದುವೆ ಕಾರ್ಡನ್ನು ತಿಂಗಳು ಮೊದಲೇ ಹಂಚುವ ದಡ್ಡತನ ಇಲ್ಲಿ ಯಾರೂ ಮಾಡುವುದಿಲ್ಲ. ಪರೀಕ್ಷೆ ಪಾಸಾದ ಮಕ್ಕಳನ್ನು ಅಪ್ಪಂದಿರು ಮಾರ್ಕ್ಸ್ ಕಾರ್ಡ್ ಸಮೇತ ಅದೇ ವಾರ ಕಾಲೇಜಿಗೆ ಎಳೆದುಕೊಂಡು ಓಡುತ್ತಾರೆ. ನಮ್ಮ ಚಿಗವ್ವ ಮದುವೆಯಾದ ಹೊಸದರಲ್ಲಿ ಕೈಮೇಲೆ ಗಂಡನ ಹೆಸರು ಹಚ್ಚೆ ಹಾಕಿಸಿಕೊಂಡಿದ್ದಳಂತೆ. ಎಂಟು ದಿನಕ್ಕೆ ಬರಿಗೈ. "ಹೆಸರು ಹೋತು, ಮನಿಷ್ಯಾ ಮಾತ್ರ ಹೋಗಲಿಲ್ಲ ನೋಡು" ಎಂದು ಕಾಕಾನ ಎದುರೇ ಹೇಳಿ ನಗುತ್ತಿದ್ದಳು.

ಉಳಿಯಲೇಬೇಕಾದ ವಿಷಯವನ್ನು ನಾವು ಬರೆಯುವುದಿಲ್ಲ, ಹೇಳಿ ಇಡುತ್ತೇವೆ. ಹೊಲ, ಮನೆ, ದತ್ತು, ಗಂಡ ಹೆಂಡಿರು ಬೇರಾಗುವ ಸೋಡಚೀಟಿ, ಎಲ್ಲದಕ್ಕೂ ಏಳು ಮನೆ. ಅದರಲ್ಲಿ ಒಂದು ಮನೆ ಸ್ವಂತದವರದು, ಒಂದು ಮನೆ ಆಗದವರದು, ಉಳಿದ ಐದು ಬೀದಿಯವರದು. ಬೆಲ್ಲ, ಕೊಬ್ಬರಿ ಬಟ್ಟಲು ಹಿಡಿದು ಹೋಗಿ ವಿಷಯವನ್ನು ಮೂರು ಸಲ ಹೇಳಬೇಕು. ಮನೆಯವರು ಮೂರು ಸಲ ತಿರುಗಿ ಒಪ್ಪಿಸಬೇಕು. ಆಗದವರ ಮನೆ ಯಾಕಪ್ಪಾ ಅಂದರೆ, ನಮ್ಮವರು ನಮ್ಮ ಪರ ಹೇಳಿದರೆ ಅದರಲ್ಲೇನು ಬಂತು? ಆಗದವನ ಬಾಯಿಂದ ನಮ್ಮ ಮಾತು ಬಂದರೆ ಅದಕ್ಕೆ ತೂಕ. ಇಟ್ಟುಕೊಂಡ ಮಾತನ್ನು ಆಗದವರು ತಿರುಚಿದ ಉದಾಹರಣೆ ನಮ್ಮೂರಲ್ಲಿ ಒಂದೂ ಇಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಜಗಳ ಬಂದಾಗ ಏಳರಲ್ಲಿ ಮೂರು ಮನೆಯಾದರೂ ಒಂದೇ ರೀತಿ ಒಪ್ಪಿಸಬೇಕು. ಮೂರಕ್ಕಿಂತ ಕಡಿಮೆಯಾದರೆ ಮಾತು ಬಿದ್ದುಹೋಯಿತು.

ನೀಲವ್ವ ಅಂದರೆ ಈ ಚಿಗವ್ವ, ನಮ್ಮ ಅವ್ವನ ಬೆನ್ನಿಗೆ ಬಿದ್ದ ತಂಗಿ. ಮಕ್ಕಳಿಲ್ಲ. ಗಂಡ ಸಿದ್ರಾಮ ಕಾಕಾ ಸಾಯುವ ಮೊದಲು ಎರಡು ಅಂಕಣದ ತನ್ನ ಮನೆಯನ್ನು ಇವಳಿಗೆ ಕೊಟ್ಟೆನೆಂದು ಏಳು ಮನೆಗೂ ನಡೆದು ಹೋಗಿ ಹೇಳಿ ಬಂದಿದ್ದ. ಆ ಮನೆಯ ಮುಂದಿನ ಅಂಕಣದಲ್ಲೇ ಅವಳ ರೊಟ್ಟಿಯ ಒಲೆ. ಬಸ್‌ಸ್ಟ್ಯಾಂಡಿನ ಎರಡು ಖಾನಾವಳಿಗೆ ದಿನಕ್ಕೆ ಮುನ್ನೂರು ರೊಟ್ಟಿ ಹೋಗಬೇಕು. ಒಲೆ ಇರುವುದರಿಂದ ಅನ್ನ, ಅನ್ನ ಇರುವುದರಿಂದ ಮರ್ಯಾದೆ, ಅಷ್ಟೇ ಅವಳ ಬದುಕು. ಆದರೆ ಏಳು ಮನೆಯಲ್ಲಿ ನಾಲ್ಕು ಮನೆಯವರು ತೀರಿಹೋದರು. ಉಳಿದವರು ಮೂವರು: ಖಾದರ್‌ಸಾಬರು, ಮಠದ ಓಣಿಯ ಗುರುಪಾದಯ್ಯ, ಮತ್ತು ನಮ್ಮ ಅವ್ವ. ಹೊಸಬರಿಗೆ ಹೇಳಿ ಇಡೋಣವೆಂದರೆ ಕೊಟ್ಟವನೇ ಹೇಳಬೇಕು, ಪಡೆದವರು ಹೇಳಿದರೆ ನಡೆಯುವುದಿಲ್ಲ. ಕಾಕಾ ಮೇಲಿನಿಂದ ಇಳಿದು ಬರುತ್ತಾನೆಯೇ?

ಅವ್ವನಿಗೆ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ನನ್ನನ್ನು ಇಂದುಮತಿ ಎನ್ನುವ ಬದಲು ಸತ್ತುಹೋದ ಸೋದರತ್ತೆಯ ಹೆಸರು ಹಿಡಿದು ಕೂಗುತ್ತಿದ್ದಳು. ಇದು ಮೊದಲು ಗೊತ್ತಾದದ್ದು ನನಗಲ್ಲ, ಬಸಲಿಂಗಪ್ಪನಿಗೆ. ಅವನು ಚಿಗವ್ವನ ಮೈದುನ. ಮಾತು ಬಿದ್ದುಹೋದರೆ ಮನೆ ಅಣ್ಣನಿಂದ ತಮ್ಮನಿಗೆ, ಅಂದರೆ ಅವನಿಗೆ. ದಿನಾ ಬೆಳಿಗ್ಗೆ ನಮ್ಮ ಕಟ್ಟೆಯ ಮುಂದೆ ಸೈಕಲ್ ನಿಲ್ಲಿಸಿ, "ಅಕ್ಕಾರ, ಆರಾಮ ಅದೀರಿಲ್ರಿ? ಇವತ್ತು ಯಾವ ವಾರ್ರಿ?" ಎಂದು ನಗುನಗುತ್ತಾ ಕೇಳುತ್ತಿದ್ದ. ಅವ್ವ ಪಾಪ, ಯಾರೋ ಮಾತಾಡಿಸಿದರೆಂದು ಖುಷಿಯಿಂದ ಶನಿವಾರ ಇದ್ದದ್ದನ್ನು ಮಂಗಳವಾರ ಅನ್ನುತ್ತಿದ್ದಳು. ಅವನು ತಲೆಯಾಡಿಸಿ ಸೈಕಲ್ ಹತ್ತುತ್ತಿದ್ದ.

ಆಗ ಬಂದವಳು ಶಾಹೀನ್. ಖಾದರ್‌ಸಾಬರ ಮಗಳು, ಹೊರಗೆ ಇಂಜಿನಿಯರಿಂಗ್ ಓದಿ ಬಂದವಳು, ಅಪ್ಪನ ಬಣ್ಣದ ಡಬ್ಬಿಗಳ ನಡುವೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವಳು. ಯಾವುದೋ ದೊಡ್ಡ ಊರಿನ ಕಂಪನಿಯವರು ಆನ್‌ಲೈನ್ ಹ್ಯಾಕಥಾನ್ ಇಟ್ಟಿದ್ದಾರಂತೆ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ, ಬ್ಲಾಕ್‌ಚೈನ್ ಬಳಸಿ ಜನರಿಗೆ ಉಪಯೋಗವಾಗುವ ಆ್ಯಪ್ ಒಂದನ್ನು ಮಾಡಿ ತೋರಿಸಬೇಕಂತೆ. ಮನೆಯಲ್ಲೇ ಕೂತು ಮಾಡಬಹುದು, ತಂಡಕ್ಕೆ ಕನಿಷ್ಠ ಇಬ್ಬರು ಬೇಕು.

"ನಮ್ಮೂರಾಗ ಕಂಪ್ಯೂಟರಿನ್ಯಾಗಿದ್ದದ್ದೂ ಎಂಟು ದಿನಕ್ಕ ಹೋಗ್ತೈತಲ್ಲ ಶಾಹೀನ್" ಎಂದೆ.

"ಒಂದು ಕಡೆ ಇಟ್ರ ಹೋಗ್ತೈತಕ್ಕ. ಇದು ಸಾವಿರ ಕಡೆ ಇರ್ತೈತಿ. ಒಂದರಾಗ ಅಳಿಸಿದ್ದನ್ನ ಇನ್ನೊಂದು ನೋಡಿ ತುಂಬಕೋತೈತಿ. ಎಲ್ಲಾ ಒಮ್ಮೆಲೇ ಅಳಿಸಾಕ ಆಗೂದಿಲ್ಲ. ಬರದದ್ದನ್ನ ತಿದ್ದಾಕೂ ಆಗೂದಿಲ್ಲ."

ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಏಳು ಮನೀನ ಸಾವಿರ ಮನಿ ಮಾಡ್ಯಾರ, ಅಷ್ಟ ಅಲ್ಲೇನ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವ್ವನ ತಲೆ ಹೋಗಿದೆ ಅಂದವರು ಯಾರು? ನಾನು ಆ ಕ್ಷಣವೇ ಚಿಗವ್ವನ ಮನೆಯನ್ನು ಅದರಲ್ಲಿ ಇಡಬೇಕೆಂದು ತೀರ್ಮಾನಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಹದಿನಾಲ್ಕು ವರ್ಷ ಅಳಿಸಿಹೋಗುವುದನ್ನೇ ಟೈಪ್ ಮಾಡಿದವಳಿಗೆ ಒಮ್ಮೆಯಾದರೂ ಉಳಿಯುವಂಥದ್ದನ್ನು ಮಾಡುವ ಆಸೆ ಇರುವುದಿಲ್ಲವೇ?

ಊರಿನ ನ್ಯಾಯ ಹೇಳುವ ಪಂಚರ, ಅಂದರೆ ದೈವದ ಹಿರಿಯ ಚನ್ನವೀರಪ್ಪನವರಲ್ಲಿಗೆ ಹೋದೆವು. ಅವರು, "ಎಂಟನೇ ದಿನ ನೋಡೂಣು. ನಿಂತಿದ್ರ ಅದರಾಗ ಏನೈತಿ ಅದ ನ್ಯಾಯ. ಆದರ ಒಂದು ಮಾತು ಎರಡು ಕಡೆ ಇಡಾಕ ಬರೂದಿಲ್ಲ. ಅಲ್ಲಿ ಇಟ್ಟ ದಿನಾನ ಇಲ್ಲಿ ಬಿಡಿಸಬೇಕು" ಎಂದರು. ಅದು ಹಳೆಯ ಪದ್ಧತಿ. ಮಾತು ಬಿಡಿಸುವುದೆಂದರೆ ಇಟ್ಟುಕೊಂಡವರು ಒಡೆಯರ ಎದುರು ಬಾಯಿ ಮುಕ್ಕಳಿಸಿ "ಬಿಟ್ಟೆ" ಅನ್ನಬೇಕು. ಆಮೇಲೆ ಅವರ ಸಾಕ್ಷಿ ನಡೆಯುವುದಿಲ್ಲ.

ಚಿಗವ್ವ ಒಪ್ಪಲಿಲ್ಲ. ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿ, "ನನ್ನ ಮನಿ ಮೂರು ಮಂದಿ ಬಾಯಾಗ ಬೆಚ್ಚಗ ಐತಿ. ಇರ್ಲಿ ಬಿಡವಾ" ಎಂದಳು.

"ಅವ್ವಗ ನಿನ್ನೆ ನನ್ನ ಹೆಸರ ನೆನಪಿರಲಿಲ್ಲ ಚಿಗವ್ವ. ನಾಳಿ ನಿನ್ನ ಮನಿ ನೆನಪಿರತೈತೇನು? ಬಸಲಿಂಗಪ್ಪ ದಿನಾ ಬಂದು ವಾರ ಕೇಳೂದು ಯಾಕಂತ ತಿಳಕೊಂಡಿ?"

ತಟ್ಟುತ್ತಿದ್ದ ರೊಟ್ಟಿ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ನಾದಿದಳು. "ನೀ ಕಲತಾಕಿ. ನೀ ಹೇಳಿದಂಗಾಗಲಿ" ಎಂದಳು ಕೊನೆಗೆ. ಗೆದ್ದೆ ಅಂದುಕೊಂಡೆ ನಾನು, ಏನು ಹೇಳಲಿ.

ಶುಕ್ರವಾರ ಸಂಜೆ ಪರದೆಯ ಮೇಲೆ ನೂರಾರು ಮುಖಗಳು. ನಮಗೆ ಮಾರ್ಗದರ್ಶಿಯಾಗಿ ಸಿಕ್ಕವರು ಪ್ರಣೀತ್ ಎನ್ನುವ ಹುರುಪಿನ ಮನುಷ್ಯ. ಬೇರೆ ತಂಡದವರು ರಾತ್ರಿಯೆಲ್ಲ ಕೂತರಂತೆ, ಕಾಫಿ ಲೋಟಗಳ ಫೋಟೋ ಹಾಕುತ್ತಿದ್ದರು. ನಾವು ಎಂಟಕ್ಕೆ ಮುಚ್ಚಿಟ್ಟು ಮಲಗಿ ಬೆಳಿಗ್ಗೆ ಐದಕ್ಕೆ ಎದ್ದು ಶುರುಮಾಡಿದೆವು. ಶಾಹೀನ್ ಕೋಡ್ ಬರೆದಳು. ನಾನು ಪರದೆಯ ಮೇಲಿನ ಮಾತುಗಳನ್ನು ಬರೆದೆ, ಯಾವ ಗುಂಡಿ ಎಲ್ಲಿರಬೇಕು ಎಂದು ಹೇಳಿದೆ. ಅವ್ವನ ವಯಸ್ಸಿನವರೂ ಬಳಸಬೇಕು ಎಂಬುದೇ ನನ್ನ ಹಟ. "ನನ್ನ ಮನೆ ನೋಡು" ಎಂದು ಒಂದು ದಪ್ಪ ಗುಂಡಿ, "ಇನ್ನೊಬ್ಬರಿಗೆ ಕೊಡು" ಎಂದು ಇನ್ನೊಂದು ದಪ್ಪ ಗುಂಡಿ. ಪ್ರಣೀತ್ ನೋಡಿ, "ಮೇಡಂ, ಇಷ್ಟು ಸುಲಭವಾಗಿ ಯಾರೂ ಮಾಡಿಲ್ಲ" ಎಂದು ಹೊಗಳಿದರು. ನಾನು ಉಬ್ಬಿಹೋದೆ.

ಭಾನುವಾರ ಬೆಳಿಗ್ಗೆ ಮಾತು ಇಟ್ಟುಕೊಂಡಿದ್ದ ಮೂವರೂ ಪುರಸಭೆಯ ಅಂಗಳಕ್ಕೆ ಬಂದು ಕೊನೆಯ ಸಲ ಒಪ್ಪಿಸಿದರು. ನಾನು ಟೈಪ್ ಮಾಡಿದೆ. ಆಮೇಲೆ ಖಾದರ್‌ಸಾಬರು, ಗುರುಪಾದಯ್ಯ ಬಾಯಿ ಮುಕ್ಕಳಿಸಿದರು. ಅವ್ವನಿಗೆ ಎರಡು ಸಲ ಹೇಳಬೇಕಾಯಿತು. ತಂಬಿಗೆ ಹಿಡಿದು ನನ್ನ ಮುಖ ನೋಡಿದಳು, ಕರಿಬೇವಿನ ಗಿಡದ ಬುಡಕ್ಕೆ ನೀರುಗುಳಿದಳು, "ಬಿಟ್ಟೆ" ಎಂದಳು. ಚಿಗವ್ವ ಸೆರಗಿನಿಂದ ಅವ್ವನ ಬಾಯಿ ಒರೆಸಿದಳು.

ಆಗ ಪರದೆಯ ಮೇಲೆ ಹನ್ನೆರಡು ಪದ ಬಂದವು. ಮನೆಯ ಬೀಗದ ಕೈ ಅಂದರೆ ಇವೇ. ಇವನ್ನು ಹೇಳಿದವರೇ ಒಡೆಯರು. ಎಲ್ಲರೂ ಇಂಗ್ಲಿಷ್ ಪದ ಇಟ್ಟಿದ್ದರೆ ಶಾಹೀನ್ ಕನ್ನಡದ್ದೇ ಪಟ್ಟಿ ಮಾಡಿದ್ದಳು. ಏಣಿ, ಹುಣಸೆ, ನರಿ, ಗಡಿಯಾರ, ಉಪ್ಪು, ಚಾಪೆ, ಗಿಳಿ, ಸೇತುವೆ, ಬೆಳ್ಳಿ, ಮಜ್ಜಿಗೆ, ಗುಡುಗು, ಸೂಜಿ. ಪ್ರಣೀತ್ ಪರದೆಯಲ್ಲಿ ಬೆರಳು ಎತ್ತಿ ಎಚ್ಚರಿಸಿದರು: "ಇದನ್ನ ತುಂಬಾ ಜೋಪಾನ ಮಾಡಿ. ಕಳೆದುಹೋದರೆ ನಾವು ಯಾರೂ ಏನೂ ಮಾಡಕ್ಕಾಗಲ್ಲ."

ಜೋಪಾನ! ನಮ್ಮೂರಿನವರಿಗೆ ಜೋಪಾನ ಮಾಡುವುದನ್ನು ಕಲಿಸಬೇಕೇ? ಶಾಹೀನ್ ಮಾತ್ರ ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿ, "ಯಾರಿಗೂ ಹೇಳಬ್ಯಾಡ್ರಿ ಅಂತ ಬರದೈತಕ್ಕ" ಎಂದಳು.

"ಯಾರಿಗೂ ಹೇಳದಿದ್ರ ಉಳಿಯೂದು ಹ್ಯಾಂಗ? ಬರದಿಟ್ರ ಬರೂ ಭಾನುವಾರ ಇರೂದಿಲ್ಲ. ನಾನೊಬ್ಬಾಕಿ ನೆನಪಿಟ್ಟುಕೊಂಡ್ರ ಅವ್ವನ ಗತಿ ನನಗೂ ಬರೂದಿಲ್ಲೇನು?"

ಶಾಹೀನ್ ತಲೆಯಾಡಿಸಿದಳು. "ಹೌದು ಬಿಡ್ರಿ, ಅದು ಹೊರಗಿನ ಮಂದಿಗೆ ಬರದಿದ್ದು" ಎಂದಳು. ಹೊರಗೆ ಓದಿದ್ದರೂ ಅವಳೂ ನಮ್ಮೂರವಳೇ ತಾನೇ.

ಅದೇ ಮಧ್ಯಾಹ್ನ ನಾನು ಬೆಲ್ಲ, ಕೊಬ್ಬರಿ ಬಟ್ಟಲು ಹಿಡಿದು ಏಳು ಮನೆಗೆ ಹೊರಟೆ. ಆಯಸ್ಸು ಇನ್ನೂ ಬಹಳ ಇರುವ, ನೆನಪು ಗಟ್ಟಿ ಇರುವ ಮನೆಗಳನ್ನೇ ಆರಿಸಿದೆ. ಆರು ಮನೆ ಮುಗಿಯಿತು. ಏಳನೆಯದು ಆಗದವರದು. ಚಿಗವ್ವನಿಗೆ ಊರಲ್ಲಿ ಆಗದವರು ಅಂತ ಇದ್ದದ್ದು ಒಬ್ಬನೇ. ಹೌದು, ನಾನೇ ನನ್ನ ಕಾಲಿಂದ ನಡೆದು ಬಸಲಿಂಗಪ್ಪನ ಮನೆಗೆ ಹೋದೆ. ಅವನ ಪಡಸಾಲೆಯಲ್ಲಿ ಕೂತು, ಅವನ ಕೈಗೆ ಬೆಲ್ಲ ಕೊಟ್ಟು, ಹನ್ನೆರಡು ಪದ ಮೂರು ಸಲ ಹೇಳಿದೆ. ಅವನು ಕಣ್ಣು ಮುಚ್ಚಿ ಮೂರು ಸಲ ಒಪ್ಪಿಸಿದ. ಒಂದೂ ತಪ್ಪಲಿಲ್ಲ.

"ಭಾಳ ಛಲೋ ಕೆಲಸ ಮಾಡೀಯವಾ ತಂಗಿ. ನಾನೂ ಆ ಆ್ಯಪ್ ನೋಡಬಹುದೇನು?" ಎಂದ. ಅವನ ಫೋನಿನಲ್ಲಿ ಹಾಕಿಕೊಟ್ಟೆ. ಎರಡು ದಪ್ಪ ಗುಂಡಿ ತೋರಿಸಿದೆ. "ಇದು ಯಾಕ?" ಎಂದು ಎರಡನೆಯದರ ಮೇಲೆ ಬೆರಳಿಟ್ಟು ಕೇಳಿದ. ಅದನ್ನೂ ವಿವರಿಸಿದೆ, ಟೀಚರ್ ಥರ. ಅವನ ಹೆಂಡತಿ ನನಗೆ ಚಹಾ ಕೊಟ್ಟಳು, ಕುಡಿದು ಬಂದೆ.

ಸಂಜೆ ಫಲಿತಾಂಶ. ಇನ್ನೂರ ಹದಿನಾರು ತಂಡಗಳಲ್ಲಿ ನಮ್ಮದು ಮೂರನೆಯದು. ತೀರ್ಪುಗಾರರು ಅಲ್ಲಿಂದಲೇ ಚಪ್ಪಾಳೆ ತಟ್ಟಿದರು. ಶಾಹೀನ್ ನನ್ನನ್ನು ತಬ್ಬಿಕೊಂಡು ಕುಣಿದಳು. ಖಾದರ್‌ಸಾಬರು ತಮ್ಮ ಮನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಮಗಳ ಹೆಸರು, ನನ್ನ ಹೆಸರು ಬರೆದರು. ವಾರವೆಲ್ಲ ಜನ ನಮ್ಮನ್ನು ನಿಲ್ಲಿಸಿ ಮಾತಾಡಿಸಿದರು. ಪುರಸಭೆಯ ಸಾಹೇಬರೇ ಎದ್ದು ಕುರ್ಚಿ ಕೊಟ್ಟರು ಅಂದರೆ ನೋಡಿ. ಬಸಲಿಂಗಪ್ಪ ಬೆಳಿಗ್ಗೆ ಬಂದು ವಾರ ಕೇಳುವುದನ್ನು ನಿಲ್ಲಿಸಿದ್ದ. ಸೋತನಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಎಂಟನೆಯ ದಿನ ಬೆಳಿಗ್ಗೆ ಪುರಸಭೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಬೀಳುವ ಹಾಗೆ ಪ್ರೊಜೆಕ್ಟರ್ ಇಟ್ಟಿದ್ದೆವು. ಶಾಹೀನ್ ಗುಂಡಿ ಒತ್ತಿದಳು. ಅಕ್ಷರ ಬಂದವು. ಭಾನುವಾರ ನಾನು ಟೈಪ್ ಮಾಡಿದ ಅಕ್ಷರಗಳು, ಒಂದೂ ಮಾಸದೆ, ಹಾಗೇ! ಜನ ಕೂಗಿದರು, ಶಿಳ್ಳೆ ಹಾಕಿದರು. ಮುದುಕರು ಎದ್ದು ಹೋಗಿ ಪಂಚೆಯ ಮೇಲಿನ ಅಕ್ಷರ ಮುಟ್ಟಿ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಎಂಟು ದಿನದ ಹಿಂದಿನ ಬರಹವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆಮೇಲೆ ಗದ್ದಲ ಇಳಿಯಿತು, ಯಾಕೆಂದರೆ ಜನ ಓದತೊಡಗಿದರು. ಮೊದಲ ಸಾಲು: ಸಿದ್ರಾಮನ ಮನೆ ನೀಲವ್ವನದು. ಅದರ ಕೆಳಗೆ ಇನ್ನೊಂದು ಸಾಲಿತ್ತು, ಗುರುವಾರದ ತಾರೀಕಿನದು: ನೀಲವ್ವ ಈ ಮನೆಯನ್ನು ಬಸಲಿಂಗಪ್ಪನಿಗೆ ಕೊಟ್ಟಿದ್ದಾಳೆ.

ನಾನು ಬಸಲಿಂಗಪ್ಪನ ಕೊರಳಪಟ್ಟಿ ಹಿಡಿದೆ. ಹಿಡಿದೆ ಅಂದರೆ ನಿಜಕ್ಕೂ ಹಿಡಿದೆ, ಯಾರೋ ಬಿಡಿಸಿದರು. "ಕಳ್ಳ ನೀನು, ಮಾತು ಇಟ್ಟುಕೊಂಡು ತಿಂದಿ!" ಎಂದು ಅರಚಿದೆ.

ಅವನು ಅಂಗಿ ಸರಿಮಾಡಿಕೊಂಡು ಚನ್ನವೀರಪ್ಪನವರ ಕಡೆ ತಿರುಗಿದ. "ನಾ ಒಂದು ಪದಾನೂ ತಿರುಚಿಲ್ರಿ ಹಿರ್ಯಾರ. ಈಕಿ ಹೆಂಗ ಹೇಳಿದ್ಲೋ ಹಂಗ ಹೇಳೀನಿ. ಆ ಆ್ಯಪಿಗೆ ಹೇಳೀನಿ, ಅದು ಒಪ್ಪಿಕೊಂಡೈತಿ. ಏಣಿ, ಹುಣಸೆ, ನರಿ... ಒಪ್ಪಿಸಲೇನ್ರಿ?"

ಆಗ ಅವ್ವ ಎದ್ದು ನಿಂತಳು. ಬೆಳಿಗ್ಗೆ ತಾನೇ ನನ್ನನ್ನು ಯಾರು ನೀನು ಎಂದು ಕೇಳಿದ್ದ ಅವ್ವ. ಸೆರಗು ಹೊದ್ದುಕೊಂಡು, ಎಲ್ಲರಿಗೂ ಕೇಳುವ ದನಿಯಲ್ಲಿ ಒಪ್ಪಿಸಿದಳು: "ಕಾರ ಹುಣ್ಣಿಮಿ ಆದ ಮೂರನೇ ದಿನ, ಸಿದ್ರಾಮ ನಮ್ಮ ಪಡಸಾಲಿಗೆ ಬಂದು ಕಂಬಕ್ಕ ಆತು ಕುಂತು ಹೇಳಿದ. ಮೂಡಣಕ್ಕ ಬಾಗಿಲ, ಎರಡು ಅಂಕಣ, ಹಿತ್ತಲದ ನುಗ್ಗಿಗಿಡ ಸೈತ, ನನ್ನ ಹೆಂಡತಿ ನೀಲವ್ವಗ ಕೊಟ್ಟೀನಿ. ಅದರ ಮ್ಯಾಲ ಬ್ಯಾರೆ ಯಾರ ಹಕ್ಕೂ ಇಲ್ಲ." ಮೂರು ಸಲ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಖಾದರ್‌ಸಾಬರು ಎದ್ದು ಅದನ್ನೇ ಹೇಳಿದರು. ಗುರುಪಾದಯ್ಯನೂ ಹೇಳಿದ. ಮೂರು ಮನೆ! ಹಳೆಯ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು.

"ಬಾಯಿ ತೊಳಕೊಂಡಾರಲ್ರಿ ಮೂವರೂ" ಎಂದ ಬಸಲಿಂಗಪ್ಪ, ಮೆಲ್ಲಗೆ.

ಚನ್ನವೀರಪ್ಪನವರು ಕೆಟ್ಟವರಲ್ಲ. "ನಿಂತಿದ್ರ ಅದ ನ್ಯಾಯ ಅಂತ ನಾನ ಹೇಳೀನಿ ಇಂದುಮತಿ. ಅದು ನಿಂತೈತಿ. ನೀನ ನಿಂದ್ರಿಸೀದಿ" ಎಂದರು. ಜನ ಪಂಚೆಯನ್ನೇ ನೋಡುತ್ತಿದ್ದರು. ಇಷ್ಟು ದಿನ ಮಾತನ್ನೇ ನಂಬಿ ಬದುಕಿದ ಮಂದಿ, ಎದುರಿಗೆ ಮೂರು ಬಾಯಿ ಸತ್ಯ ಹೇಳುತ್ತಿದ್ದರೂ, ಮಾಸದ ಎರಡು ಸಾಲಿನ ಮೇಲಿಂದ ಕಣ್ಣು ಕೀಳಲಿಲ್ಲ. ಥೂ ಅನ್ನಿಸಿತು. ಯಾರ ಮೇಲೆ ಉಗಿಯುವುದು? ಅವರಿಗೆ ಆ ಚಟ ಹಚ್ಚಿದವಳು ನಾನೇ.

ಪ್ರಣೀತ್‌ಗೆ ಅಂದೇ ಬರೆದೆವು. ಎರಡು ದಿನಕ್ಕೆ ಉತ್ತರ ಬಂತು. ನಡೆದದ್ದು ಕೇಳಿ ತುಂಬಾ ಬೇಸರವಾಯಿತಂತೆ. ಆದರೆ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದು, ಅದೇ ಇದರ ವಿಶೇಷತೆ, ತಾಂತ್ರಿಕವಾಗಿ ನಿಮ್ಮ ಆ್ಯಪ್ ಸ್ವಲ್ಪವೂ ತಪ್ಪಿಲ್ಲದೆ ಕೆಲಸ ಮಾಡಿದೆ, ಅಭಿನಂದನೆಗಳು. ಶಾಹೀನ್ ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದವಳು ಒಂದು ತಿಂಗಳು ನಮ್ಮ ಮನೆ ಕಡೆ ಬರಲಿಲ್ಲ. ಬಸಲಿಂಗಪ್ಪ ಮುಂದಿನ ಅಂಕಣದ ಒಲೆ ಕಿತ್ತು ಸೈಕಲ್ ಅಂಗಡಿ ಹಾಕಿದ. ಖಾನಾವಳಿಯವರು ಬೇರೆ ರೊಟ್ಟಿಯವರನ್ನು ಹುಡುಕಿಕೊಂಡರು. ನಮ್ಮ ಅಡಿಗೆಮನೆಯಲ್ಲಿ ಮುನ್ನೂರು ರೊಟ್ಟಿ ಆಗುವ ಒಲೆಗೆ ಜಾಗವಿಲ್ಲ.

ಚಿಗವ್ವ ಈಗ ನಮ್ಮ ಜೊತೆ ಇದ್ದಾಳೆ. ನನಗೆ ಒಂದು ಮಾತು ಬೈದಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವ್ವ ಮಾತ್ರ ದಿನಾ ಬೆಳಿಗ್ಗೆ ಎದ್ದು, ಅವಳು ಹಾಸಿಗೆ ಸುತ್ತುವುದನ್ನು ನೋಡಿ, ಆಶ್ಚರ್ಯದಿಂದ ಕೇಳುತ್ತಾಳೆ: "ಯಾಕ ನೀಲಾ, ನಿನ್ನ ಮನಿ ಬಿಟ್ಟು ಇಲ್ಲ್ಯಾಕ ಮಲಗೀದಿ?" ಮೊದಮೊದಲು ಚಿಗವ್ವ, "ಮಾಳಗಿ ಸೋರತೈತಕ್ಕ, ರಿಪೇರಿ ನಡದೈತಿ" ಎಂದು ನನ್ನ ಮಾನ ಕಾಯುತ್ತಿದ್ದಳು. ಅವ್ವ ಸಮಾಧಾನದಿಂದ ಚಹಾ ಕುಡಿಯುತ್ತಿದ್ದಳು. ಮೊನ್ನೆ ಸೋಮವಾರ ಅದೇ ಪ್ರಶ್ನೆ ಬಂದಾಗ ಚಿಗವ್ವ ಹಾಸಿಗೆ ಕೆಳಗಿಟ್ಟು ನನ್ನ ಕಡೆ ಕೈ ತೋರಿಸಿದಳು. "ದಿನಾ ಸುಳ್ಳ ಹೇಳಿ ಸಾಕಾಗೈತಕ್ಕ. ಇಕೀನ ಕೇಳು" ಎಂದಳು.

ನಾನು ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಆ್ಯಪ್ ಅಂದರೇನು, ಹನ್ನೆರಡು ಪದ ಯಾವುವು, ಯಾರ ಮನೆಗೆ ಬೆಲ್ಲ ಹಿಡಿದು ಹೋದೆ, ಯಾರ ಚಹಾ ಕುಡಿದೆ, ಎಲ್ಲ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ಆಮೇಲೆ ಕೈ ಎತ್ತಿ ನನ್ನ ಕೆನ್ನೆಗೆ ಹೊಡೆದಳು, ತಂಗಿಯನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಕೇಳಿದಳು. ಚಿಗವ್ವ ಎದ್ದು ಹಿತ್ತಲಿಗೆ ಹೋದಳು. ನಾನು ಅವ್ವನ ಮುಂದೆ ಕೂತೆ, ಮೊದಲಿನಿಂದ ಶುರುಮಾಡಿದೆ.